ಕಂಪ್ಯೂಟರ್ ತಡವರಿಸಿದಾಗ ಯಾರನ್ನು ಹಿಂದೆ ಸರಿಸಬೇಕು?

ಹಳೆಯ ಕನ್ನಡ ಪುಸ್ತಕವೊಂದರ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕೊಟ್ಟು ಅಕ್ಷರ ಓದಿಸುವ ಕೆಲಸವನ್ನು ಈಗ ಮನೆಯ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು. ಉಬುಂಟು ಹಾಕಿದ, ನಾಲ್ಕು ಕೋರ್‌ನ ಸಾಧಾರಣ ಯಂತ್ರವಿದ್ದರೆ ಸಾಕು. ತೊಂದರೆ ಶುರುವಾಗುವುದು ಅದೇ ಯಂತ್ರದಲ್ಲಿ ಲಿಬ್ರೆಆಫೀಸ್ ತೆರೆದು ಟೈಪ್ ಮಾಡಲು ಕೂತಾಗ. ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಇನ್ನೆರಡು ಕೀಲಿ ಒತ್ತಿಯಾಗಿರುತ್ತದೆ. ಬ್ರೌಸರ್‌ನಲ್ಲಿ ಪುಟ ಸರಿಸಿದರೆ ಅದು ಬಿಟ್ಟುಬಿಟ್ಟು ಸರಿಯುತ್ತದೆ. ಫ್ಯಾನ್ ಒಂದೇ ಸಮನೆ ಸದ್ದು ಮಾಡುತ್ತಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಅಕ್ಷರ ಓದಿಸುವ ಕೆಲಸವನ್ನೇ ನಿಲ್ಲಿಸಿಬಿಡುತ್ತಾರೆ, ಇಲ್ಲವೇ ಲಿಬ್ರೆಆಫೀಸ್‌ಗೆ ಹೆಚ್ಚಿನ ಆದ್ಯತೆ ಕೊಡುವ ದಾರಿ ಹುಡುಕುತ್ತಾರೆ. ಎರಡೂ ಬೇಕಾಗಿಲ್ಲ. ಅವಸರವಿಲ್ಲದ ಕೆಲಸವನ್ನು ಹಿಂದೆ ಸರಿಸಿದರೆ ಅವಸರದ್ದು ತಾನಾಗಿಯೇ ಮುಂದೆ ಬರುತ್ತದೆ. ಯುನಿಕ್ಸ್ ಬಳಗದ ವ್ಯವಸ್ಥೆಗಳಲ್ಲಿ ಈ ಅನುಕೂಲ 1970ರ ದಶಕದಿಂದಲೂ ಇದೆ, ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಡ. ಆದರೂ ಲಿನಕ್ಸ್ ಬಳಸುವವರಲ್ಲೇ ಎಷ್ಟೋ ಮಂದಿ ಇದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ಒಂದು ಕೋರ್ ಒಂದು ಕ್ಷಣಕ್ಕೆ ಒಂದೇ ಕೆಲಸ ಮಾಡಬಲ್ಲದು. ಕಾಯುತ್ತಿರುವ ಹತ್ತಾರು ಪ್ರೊಸೆಸ್‌ಗಳಲ್ಲಿ ಮುಂದಿನ ಕೆಲವು ಮಿಲಿಸೆಕೆಂಡು ಯಾರಿಗೆ ಎಂದು ನಿರ್ಧರಿಸುವುದು ಕರ್ನಲ್‌ನೊಳಗಿನ ಷೆಡ್ಯೂಲರ್. ಆ ನಿರ್ಧಾರದಲ್ಲಿ ಬಳಕೆದಾರ ತನ್ನ ಮಾತು ಸೇರಿಸುವ ದಾರಿಯೇ ನೈಸ್ ಸಂಖ್ಯೆ. ಲಿನಕ್ಸ್‌ನಲ್ಲಿ ಇದು ಮೈನಸ್ 20ರಿಂದ 19ರವರೆಗೆ ಇರುತ್ತದೆ. ಏನೂ ಹೇಳದಿದ್ದರೆ 0. ಸಂಖ್ಯೆ ದೊಡ್ಡದಾದಷ್ಟೂ ಪಾಲು ಚಿಕ್ಕದು. ಹೊಸಬರು ಮೊದಲು ಎಡವುವುದೇ ಇಲ್ಲಿ: 19 ಎಂದರೆ ಎಲ್ಲರಿಗಿಂತ ಹಿಂದೆ, ಮೈನಸ್ 20 ಎಂದರೆ ಎಲ್ಲರಿಗಿಂತ ಮುಂದೆ.

ಎಷ್ಟು ಹಿಂದೆ? ಲಿನಕ್ಸ್ ಕರ್ನಲ್‌ನ ಮೂಲ ಸಂಕೇತದಲ್ಲಿ ಇದಕ್ಕೊಂದು ಚಿಕ್ಕ ಪಟ್ಟಿಯೇ ಇದೆ. ನೈಸ್ 0 ಇರುವ ಪ್ರೊಸೆಸ್‌ನ ತೂಕ 1024. ನೈಸ್ 1ಕ್ಕೆ 820, ನೈಸ್ 5ಕ್ಕೆ 335, ನೈಸ್ 10ಕ್ಕೆ 110, ನೈಸ್ 19ಕ್ಕೆ ಬರೀ 15. ಆಚೆ ಕಡೆ ಮೈನಸ್ 20ರ ತೂಕ 88,761. ಒಂದೊಂದು ಮೆಟ್ಟಿಲಿಗೂ ತೂಕ ಸುಮಾರು ಒಂದೂಕಾಲು ಪಟ್ಟು ಬದಲಾಗುತ್ತದೆ. ಒಂದೇ ಕೋರ್‌ಗೆ ಎರಡು ಪ್ರೊಸೆಸ್‌ಗಳು ಪೈಪೋಟಿ ನಡೆಸಿದಾಗ ಒಂದು 0, ಇನ್ನೊಂದು 5 ಆಗಿದ್ದರೆ ಮೊದಲನೆಯದಕ್ಕೆ ಶೇ 75, ಎರಡನೆಯದಕ್ಕೆ ಶೇ 25. ಎರಡನೆಯದನ್ನು 10ಕ್ಕೆ ಏರಿಸಿದರೆ ಅದಕ್ಕೆ ಸಿಗುವುದು ಸುಮಾರು ಶೇ 10. 19ಕ್ಕೆ ಏರಿಸಿದರೆ ಶೇ 1.5ರಷ್ಟು.

ಈ ಲೆಕ್ಕದಿಂದ ಎರಡು ಸಂಗತಿ ತಿಳಿಯುತ್ತವೆ. ಮುಖ್ಯವಾಗುವುದು ಸಂಖ್ಯೆಗಳ ನಡುವಿನ ಅಂತರವೇ ಹೊರತು ಸಂಖ್ಯೆಯಲ್ಲ. ಎಲ್ಲ ಪ್ರೊಸೆಸ್‌ಗಳನ್ನೂ 19ಕ್ಕೆ ಏರಿಸಿದರೆ ಮತ್ತೆ ಎಲ್ಲರಿಗೂ ಸಮಪಾಲೇ. ಇನ್ನೊಂದು, ಪೈಪೋಟಿ ಇಲ್ಲದಾಗ ಈ ತೂಕಕ್ಕೆ ಕೆಲಸವೇ ಇಲ್ಲ. ಟೈಪ್ ಮಾಡುವವರು ಕಾಫಿಗೆ ಎದ್ದುಹೋದ ಹೊತ್ತಿನಲ್ಲಿ ನೈಸ್ 19ರ ಟೆಸೆರಾಕ್ಟ್ ಕೂಡ ನಾಲ್ಕೂ ಕೋರ್‌ಗಳನ್ನು ಪೂರ್ತಿ ಬಳಸಿಕೊಳ್ಳುತ್ತದೆ. ಹಿಂದೆ ಸರಿಸಿದರೆ ಕೆಲಸ ನಿಧಾನವಾಗಿಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಬೇರೆಯವರಿಗೆ ಬೇಕಾದಾಗ ಮಾತ್ರ ಅದು ಜಾಗ ಬಿಡುತ್ತದೆ.

ಈಗ ಮಾಡುವ ರೀತಿ. (ಇಲ್ಲಿ ಆದೇಶಗಳನ್ನು ಉಚ್ಚಾರದಂತೆ ಬರೆದಿದೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಬೇಕು.) ಹೊಸದಾಗಿ ಶುರು ಮಾಡುವ ಕೆಲಸವಾದರೆ ಮೊದಲು ನೈಸ್, ಒಂದು ಜಾಗ ಬಿಟ್ಟು ಹೈಫನ್ ಎನ್, ಆಮೇಲೆ 15, ಕೊನೆಗೆ ಓಡಿಸಬೇಕಾದ ಆದೇಶ. ಸಂಖ್ಯೆ ಕೊಡದೆ ನೈಸ್ ಎಂದಷ್ಟೇ ಬರೆದು ಆದೇಶ ಕೊಟ್ಟರೆ 10 ಸೇರಿಕೊಳ್ಳುತ್ತದೆ. ಆಗಲೇ ಓಡುತ್ತಿರುವುದಕ್ಕೆ ರಿನೈಸ್ ಇದೆ: ರಿನೈಸ್, ಹೈಫನ್ ಎನ್, 15, ಹೈಫನ್ ಪಿ, ಆ ಪ್ರೊಸೆಸ್‌ನ ಸಂಖ್ಯೆ. ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಟಾಪ್ ತೆರೆದು ಆರ್ ಕೀಲಿ ಒತ್ತಿದರೂ ಇದೇ ಕೆಲಸವಾಗುತ್ತದೆ. ಎಚ್‌ಟಾಪ್‌ನಲ್ಲಿ ಎಫ್8 ಒತ್ತಿದಂತೆಲ್ಲ ಆರಿಸಿದ ಪ್ರೊಸೆಸ್ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಬೇಕು: ಲಿನಕ್ಸ್‌ನಲ್ಲಿ ನೈಸ್ ಆದೇಶ ಈಗಿರುವ ಸಂಖ್ಯೆಗೆ ಕೂಡಿಸುತ್ತದೆ, ರಿನೈಸ್ ಹೇಳಿದ ಸಂಖ್ಯೆಯನ್ನೇ ಇಡುತ್ತದೆ.

ಸಾಮಾನ್ಯ ಬಳಕೆದಾರ ತನ್ನ ಪ್ರೊಸೆಸ್‌ಗಳನ್ನು ಹಿಂದೆ ಸರಿಸಬಹುದು, ಮುಂದೆ ತರುವಂತಿಲ್ಲ. 10ಕ್ಕೆ ಏರಿಸಿದ್ದನ್ನು ಮತ್ತೆ 0ಕ್ಕೆ ಇಳಿಸಲು ಹೋದರೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಅದಕ್ಕೆ ಸುಡೊ, ಅಂದರೆ ಅಡ್ಮಿನ್ ಅಧಿಕಾರ, ಬೇಕು. ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಕಾಲೇಜು, ಸಂಶೋಧನಾಲಯಗಳಲ್ಲಿ ಈ ನಿಯಮ ಇಲ್ಲದಿದ್ದರೆ ಎಲ್ಲರೂ ಮೈನಸ್ 20 ಹಾಕಿಕೊಂಡು ಕೂರುತ್ತಿದ್ದರು.

ಟೆಸೆರಾಕ್ಟ್‌ಗೆ ಮರಳಿದರೆ ಅಲ್ಲಿ ಕಾಣದ ಒಂದು ತೊಡಕಿದೆ. ಪುಸ್ತಕದ ಪುಟಗಳನ್ನು ಸಾಮಾನ್ಯವಾಗಿ ಒಂದು ಚಿಕ್ಕ ಶೆಲ್ ಲೂಪ್ ಬರೆದು ಓದಿಸುತ್ತಾರೆ. ಒಂದು ಪುಟ ಮುಗಿದೊಡನೆ ಆ ಪ್ರೊಸೆಸ್ ಸಾಯುತ್ತದೆ, ಮುಂದಿನ ಪುಟಕ್ಕೆ ಹೊಸದೊಂದು ಹುಟ್ಟುತ್ತದೆ. ಟಾಪ್‌ನಲ್ಲಿ ಕಂಡ ಟೆಸೆರಾಕ್ಟ್‌ನ ಸಂಖ್ಯೆ ಬರೆದುಕೊಂಡು ರಿನೈಸ್ ಕೊಡುವಷ್ಟರಲ್ಲಿ ಅದು ಇರುವುದೇ ಇಲ್ಲ. ಇದ್ದರೂ ಮುಂದಿನದು ಮತ್ತೆ 0ಯಲ್ಲೇ ಹುಟ್ಟುತ್ತದೆ. ನೈಸ್ ಸಂಖ್ಯೆ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಆದ್ದರಿಂದ ರಿನೈಸ್ ಮಾಡಬೇಕಾದದ್ದು ಲೂಪ್ ಓಡಿಸುತ್ತಿರುವ ಶೆಲ್ ಅನ್ನು. ಆಮೇಲೆ ಹುಟ್ಟುವ ಟೆಸೆರಾಕ್ಟ್‌ಗಳೆಲ್ಲ ಹೊಸ ಸಂಖ್ಯೆಯನ್ನೇ ಹೊತ್ತು ಬರುತ್ತವೆ.

ಇನ್ನೊಂದು ತೊಡಕು ಎಳೆಗಳದ್ದು, ಅಂದರೆ ಥ್ರೆಡ್‌ಗಳದ್ದು. ಪಾಸಿಕ್ಸ್ ನಿಯಮದ ಪ್ರಕಾರ ನೈಸ್ ಸಂಖ್ಯೆ ಇಡೀ ಪ್ರೊಸೆಸ್‌ಗೆ ಸೇರಿದ್ದು. ಲಿನಕ್ಸ್‌ನಲ್ಲಿ ಹಾಗಿಲ್ಲ, ಒಂದೊಂದು ಥ್ರೆಡ್‌ಗೂ ಒಂದೊಂದು ಸಂಖ್ಯೆ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶ ಶುರುವಿನಲ್ಲೇ ಹಲವು ಥ್ರೆಡ್‌ಗಳನ್ನು ಹುಟ್ಟಿಸುತ್ತದೆ. ಓಡುತ್ತಿರುವಾಗ ಅದರ ಪ್ರೊಸೆಸ್ ಸಂಖ್ಯೆ ಕೊಟ್ಟು ರಿನೈಸ್ ಮಾಡಿದರೆ ಹಿಂದೆ ಸರಿಯುವುದು ಮುಖ್ಯ ಥ್ರೆಡ್ ಮಾತ್ರ. ನಿಜವಾಗಿ ಬೆವರು ಸುರಿಸುತ್ತಿರುವ ಉಳಿದವು ಇದ್ದಲ್ಲೇ ಇರುತ್ತವೆ. ‘ರಿನೈಸ್ ಮಾಡಿದರೂ ಏನೂ ಆಗಲಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ ಕಾರಣ. ಭಾರೀ ಕೆಲಸವನ್ನು ಶುರುವಿನಲ್ಲೇ ನೈಸ್ ಹಾಕಿ ಓಡಿಸುವುದು ಎಲ್ಲಕ್ಕಿಂತ ಕ್ಷೇಮ.

ಆದರೆ ಇದನ್ನೆಲ್ಲ ಮಾಡುವ ಮೊದಲು ಯಂತ್ರ ಯಾಕೆ ನಿಧಾನವಾಗಿದೆ ಎಂದು ನೋಡಬೇಕು. ನೈಸ್ ಹಂಚುವುದು ಸಿಪಿಯು ಹೊತ್ತನ್ನು ಮಾತ್ರ. ಟಾಪ್‌ನ ಮೇಲ್ಭಾಗದಲ್ಲಿ ಸಿಪಿಯು ಸಾಲೊಂದಿದೆ. ಅದರಲ್ಲಿ ಯುಎಸ್ ಮತ್ತು ಎನ್‌ಐ ಸೇರಿ ನೂರರ ಹತ್ತಿರವಿದ್ದರೆ ಕೊರತೆ ನಿಜಕ್ಕೂ ಸಿಪಿಯುನದ್ದು. ಯುಎಸ್ ಎಂಬುದು ಮಾಮೂಲಿ ಕೆಲಸಗಳು, ಎನ್‌ಐ ಎಂಬುದು ಹಿಂದೆ ಸರಿಸಿದ ಕೆಲಸಗಳು ಬಳಸುತ್ತಿರುವ ಹೊತ್ತು. ಅದೇ ಸಾಲಿನಲ್ಲಿ ಡಬ್ಲ್ಯುಎ ದೊಡ್ಡದಾಗಿದ್ದರೆ ಎಲ್ಲರೂ ಡಿಸ್ಕ್‌ಗಾಗಿ ಕಾಯುತ್ತಿದ್ದಾರೆಂದು ಅರ್ಥ. ಕೆಳಗಿನ ಸ್ವಾಪ್ ಸಾಲಿನಲ್ಲಿ ಬಳಕೆ ಏರುತ್ತಲೇ ಹೋಗುತ್ತಿದ್ದರೆ ಕೊರತೆ ರ‍್ಯಾಮ್‌ನದು. 4 ಜಿಬಿ ಯಂತ್ರದಲ್ಲಿ ಬ್ರೌಸರ್‌ನ ನಲವತ್ತು ಟ್ಯಾಬ್ ತೆರೆದಿಟ್ಟು ನೈಸ್ ಸಂಖ್ಯೆ ತಿದ್ದುತ್ತ ಕೂತರೆ ಪ್ರಯೋಜನವಿಲ್ಲ. ಅಲ್ಲಿ ಮುಚ್ಚಬೇಕಾದದ್ದು ಟ್ಯಾಬ್‌ಗಳನ್ನೇ.

ಡಿಸ್ಕ್ ಸರದಿಗೆ ಬೇರೆಯೇ ಆದೇಶ ಇದೆ, ಐಒನೈಸ್. ಅದರಲ್ಲಿ ಮೂರು ದರ್ಜೆ: 1 ತುರ್ತಿನದು, 2 ಮಾಮೂಲಿ, 3 ಐಡಲ್, ಅಂದರೆ ಬೇರಾರಿಗೂ ಬೇಡವಾದಾಗ ಮಾತ್ರ ಓದಿ ಬರೆಯುವುದು. ಆರ್‌ಸಿಂಕ್‌ನಿಂದ ಇಡೀ ಡಿಸ್ಕ್‌ನ ಬ್ಯಾಕಪ್ ತೆಗೆಯುವಾಗ ಐಒನೈಸ್, ಹೈಫನ್ ಸಿ, 3 ಎಂದು ಮುಂದೆ ಸೇರಿಸಿದರೆ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುತ್ತದೆ ಎಂದು ಮಾತ್ರ ನಂಬಬಾರದು. ಈ ದರ್ಜೆಗಳನ್ನು ಪಾಲಿಸುವುದು ಡಿಸ್ಕ್‌ನ ಷೆಡ್ಯೂಲರ್. ಬಿಎಫ್‌ಕ್ಯು ಎಂಬ ಷೆಡ್ಯೂಲರ್ ಅದನ್ನು ಚೆನ್ನಾಗಿ ಪಾಲಿಸುತ್ತದೆ. ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗಳಿಗೆ ಹಲವು ಲಿನಕ್ಸ್ ವಿತರಣೆಗಳು ‘ನನ್’, ಅಂದರೆ ಯಾವ ಷೆಡ್ಯೂಲರೂ ಬೇಡ, ಎಂದೇ ಇಟ್ಟಿರುತ್ತವೆ. ಅಲ್ಲಿ ಐಒನೈಸ್ ಕೊಟ್ಟರೆ ದೋಷವೇನೂ ತೋರಿಸುವುದಿಲ್ಲ, ಪರಿಣಾಮವೂ ಇರುವುದಿಲ್ಲ. ಸಿಸ್ ಕಡತಕೋಶದಲ್ಲಿ ಬ್ಲಾಕ್, ಅದರೊಳಗೆ ಡಿಸ್ಕ್‌ನ ಹೆಸರು, ಅದರೊಳಗೆ ಕ್ಯೂ, ಅದರಲ್ಲಿನ ಷೆಡ್ಯೂಲರ್ ಕಡತವನ್ನು ತೆರೆದು ನೋಡಿದರೆ ಚೌಕಾವರಣದಲ್ಲಿರುವ ಹೆಸರೇ ಈಗ ಚಾಲ್ತಿಯಲ್ಲಿರುವುದು.

ಪುಸ್ತಕಗಳಲ್ಲಿ ಓದಿ ನೈಸ್ ಕಲಿತವರನ್ನು ಇಂದಿನ ಲಿನಕ್ಸ್ ಬೇರೊಂದು ಕಡೆ ದಾರಿ ತಪ್ಪಿಸುತ್ತದೆ. ಅದನ್ನು ತಿಳಿಯಲು ಷೆಡ್ಯೂಲರ್‌ನ ಚರಿತ್ರೆಗೆ ಸ್ವಲ್ಪ ಇಣುಕಬೇಕು.

2000ದ ದಶಕದ ಲಿನಕ್ಸ್ ಷೆಡ್ಯೂಲರ್ ಯಾವ ಪ್ರೊಸೆಸ್‌ನ ಮುಂದೆ ಮನುಷ್ಯ ಕೂತಿದ್ದಾನೆ ಎಂದು ಊಹಿಸಿ ಅದಕ್ಕೆ ಹೆಚ್ಚು ಅಂಕ ಕೊಡುತ್ತಿತ್ತು. ಊಹೆ ತಪ್ಪಿದಾಗ ಹಾಡು ತುಂಡಾಗುತ್ತಿತ್ತು, ಕಿಟಕಿಗಳು ಕಚ್ಚಿಕೊಳ್ಳುತ್ತಿದ್ದವು. ಊಹೆಯನ್ನು ಕೈಬಿಟ್ಟು ಎಲ್ಲರಿಗೂ ನ್ಯಾಯವಾದ ಪಾಲು ಕೊಟ್ಟರೆ ಸಾಕೆಂದು ಹಟ ಹಿಡಿದು ತೋರಿಸಿದವರು ಕಾನ್ ಕೊಲಿವಾಸ್, ವೃತ್ತಿಯಿಂದ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯರು. ಕೊನೆಗೆ ಕರ್ನಲ್‌ಗೆ ಸೇರಿದ್ದು ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ ಎಂಬ ಷೆಡ್ಯೂಲರ್. 2007ರ ಅಕ್ಟೋಬರ್‌ನಲ್ಲಿ ಬಂದ 2.6.23ನೇ ಆವೃತ್ತಿಯಲ್ಲಿ. ಆದರೆ ದಾರಿ ಹಾಕಿದವರು ಕೊಲಿವಾಸ್ ಎಂಬುದನ್ನು ಆ ಮೂಲ ಸಂಕೇತದ ಟಿಪ್ಪಣಿಯೇ ದಾಖಲಿಸಿದೆ. ಅದೇ ಟಿಪ್ಪಣಿಯಲ್ಲಿ 2007ರ ಜುಲೈ 1ರ ದಿನಾಂಕದ ಮುಂದೆ ಇನ್ನೊಂದು ಹೆಸರಿದೆ: ಶ್ರೀವತ್ಸ ವಡ್ಡಗಿರಿ. ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಅವರು ಸೇರಿಸಿದ್ದು ಗುಂಪು ಷೆಡ್ಯೂಲಿಂಗ್. ಇಂದು ಜಗತ್ತಿನ ಕ್ಲೌಡ್ ಸರ್ವರ್‌ಗಳಲ್ಲಿ ಕಂಟೇನರ್‌ಗಳ ನಡುವೆ ಸಿಪಿಯು ಹಂಚುವ ವ್ಯವಸ್ಥೆ ನಿಂತಿರುವುದು ಇದೇ ಬುನಾದಿಯ ಮೇಲೆ. 2023ರಲ್ಲಿ 6.6ನೇ ಆವೃತ್ತಿಯೊಂದಿಗೆ ಸಿಎಫ್‌ಎಸ್ ಜಾಗಕ್ಕೆ ಇಇವಿಡಿಎಫ್ ಎಂಬ ಹೊಸ ಲೆಕ್ಕಾಚಾರ ಬಂತು. ತೂಕದ ಪಟ್ಟಿಯೂ ಗುಂಪಿನ ಏರ್ಪಾಟೂ ಹಾಗೇ ಉಳಿದವು.

ಗುಂಪು ಷೆಡ್ಯೂಲಿಂಗ್ ನಡೆಯುವುದು ಕೂಡುಕುಟುಂಬದ ಆಸ್ತಿ ಭಾಗವಾದಂತೆ. ಅಣ್ಣನಿಗೆ ಐದು ಮಕ್ಕಳು, ತಮ್ಮನಿಗೆ ಒಬ್ಬನೇ ಮಗ ಇದ್ದರೂ ಮೊದಲು ಆಗುವುದು ಎರಡೇ ಪಾಲು. ಅಣ್ಣನ ಮಕ್ಕಳು ತಮ್ಮತಮ್ಮಲ್ಲಿ ಹೇಗೆ ಹಂಚಿಕೊಂಡರೂ ತಮ್ಮನ ಮಗನ ಪಾಲು ಕದಲುವುದಿಲ್ಲ. ನೈಸ್ ಸಂಖ್ಯೆ ಲೆಕ್ಕಕ್ಕೆ ಬರುವುದು ಒಂದೇ ಕವಲಿನವರ ನಡುವೆ ಮಾತ್ರ.

2010ರಲ್ಲಿ ಮೈಕ್ ಗಾಲ್ಬ್ರೈತ್ ಬರೆದು, 2011ರಲ್ಲಿ 2.6.38ನೇ ಆವೃತ್ತಿಗೆ ಸೇರಿದ ಆಟೊಗ್ರೂಪ್ ಎಂಬ ಸೌಲಭ್ಯ ಒಂದೊಂದು ಟರ್ಮಿನಲ್ ಕಿಟಕಿಯನ್ನೂ ತಾನಾಗಿ ಒಂದೊಂದು ಗುಂಪು ಮಾಡಿಬಿಡುತ್ತದೆ. ಒಂದು ಕಿಟಕಿಯಲ್ಲಿ ಹತ್ತು ಕೆಲಸ ಒಟ್ಟಿಗೆ ಓಡಿಸಿದರೂ ಇನ್ನೊಂದು ಕಿಟಕಿಯ ಒಂದೇ ಕೆಲಸ ಬಡವಾಗುವುದಿಲ್ಲ. ಇದು ನಿಜವಾದ ಉಪಕಾರ. ಅದರ ಇನ್ನೊಂದು ಮುಖವೆಂದರೆ, ಒಂದು ಕಿಟಕಿಯಲ್ಲಿ ನೈಸ್ 19, ಇನ್ನೊಂದರಲ್ಲಿ ನೈಸ್ 0 ಇಟ್ಟರೂ ಎರಡಕ್ಕೂ ಅರ್ಧರ್ಧ ಸಿಗುತ್ತದೆ.

ತನ್ನ ಯಂತ್ರದಲ್ಲಿ ಏನು ನಡೆಯುತ್ತಿದೆ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಎರಡು ಟರ್ಮಿನಲ್ ತೆರೆಯಬೇಕು. ಮೊದಲನೆಯದರಲ್ಲಿ ಟಾಸ್ಕ್‌ಸೆಟ್, ಹೈಫನ್ ಸಿ, 0 ಎಂದು ಬರೆದು, ಮುಂದೆ ಎಸ್‌ಎಚ್‌ಎ256ಸಮ್ ಆದೇಶಕ್ಕೆ ದೇವ್ ಕಡತಕೋಶದ ಜೀರೊ ಕಡತವನ್ನು ಕೊಡಬೇಕು. ಮುಗಿಯದ ಸೊನ್ನೆಗಳ ಚೆಕ್‌ಸಮ್ ಲೆಕ್ಕ ಹಾಕುತ್ತ ಅದು 0ನೇ ಕೋರ್‌ನಲ್ಲಿ ಓಡುತ್ತಲೇ ಇರುತ್ತದೆ. ಎರಡನೆಯದರಲ್ಲಿಯೂ ಇದನ್ನೇ ಬರೆದು, ಟಾಸ್ಕ್‌ಸೆಟ್ ಭಾಗದ ನಂತರ ನೈಸ್, ಹೈಫನ್ ಎನ್, 19 ಸೇರಿಸಬೇಕು. ಮೂರನೆಯ ಕಿಟಕಿಯಲ್ಲಿ ಟಾಪ್ ನೋಡಿದರೆ ಉತ್ತರ ಎದುರಿಗೇ ಇರುತ್ತದೆ. ಒಂದಕ್ಕೆ 98, ಇನ್ನೊಂದಕ್ಕೆ 1 ಅಥವಾ 2 ಬಂದರೆ ಎರಡೂ ಒಂದೇ ಗುಂಪಿನಲ್ಲಿವೆ, ನೈಸ್ ಕೆಲಸ ಮಾಡುತ್ತಿದೆ. 50–50 ಬಂದರೆ ನಡುವೆ ಗುಂಪಿನ ಗೋಡೆ ಇದೆ. ನೋಡಿಯಾದ ಮೇಲೆ ಎರಡೂ ಕಡೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಬೇಕು.

ಗೋಡೆ ಇದ್ದರೆ ಗುಂಪಿನ ಪಾಲನ್ನೇ ಬದಲಿಸಬೇಕಾಗುತ್ತದೆ. ಆಟೊಗ್ರೂಪ್ ಆಗಿದ್ದರೆ ಪ್ರೊಕ್ ಕಡತಕೋಶದಲ್ಲಿ ಆ ಪ್ರೊಸೆಸ್ ಸಂಖ್ಯೆಯಡಿ ಇರುವ ಆಟೊಗ್ರೂಪ್ ಕಡತಕ್ಕೆ 15 ಎಂದು ಬರೆದರೆ ಇಡೀ ಕಿಟಕಿ ಹಿಂದೆ ಸರಿಯುತ್ತದೆ. ಹೊಸ ವಿತರಣೆಗಳಲ್ಲಿ ಹಲವು ಕಡೆ ಗುಂಪುಗಳ ಮೇಲ್ವಿಚಾರಣೆ ಸಿಸ್ಟಮ್‌ಡಿಯದು. ಅಲ್ಲಿ ಸಿಸ್ಟಮ್‌ಡಿ-ರನ್ ಆದೇಶಕ್ಕೆ ಯೂಸರ್, ಸ್ಕೋಪ್ ಎಂಬ ಎರಡು ಆಯ್ಕೆ ಕೊಟ್ಟು, ಸಿಪಿಯುವೇಟ್ ಎಂಬ ಗುಣಕ್ಕೆ 20 ಎಂದಿಟ್ಟು ಟೆಸೆರಾಕ್ಟ್ ಲೂಪ್ ಓಡಿಸಬಹುದು. ಡಿಫಾಲ್ಟ್ ತೂಕ 100 ಆದ್ದರಿಂದ ಪಕ್ಕದ ಗುಂಪಿನ ಎದುರು ಇದಕ್ಕೆ ಸಿಗುವುದು ಐದರಲ್ಲೊಂದರಷ್ಟು ಬೆಲೆ. ಸಿಪಿಯುಕೋಟಾ ಎಂಬ ಇನ್ನೊಂದು ಗುಣವೂ ಇದೆ. ಶೇ 50 ಎಂದು ಕೊಟ್ಟರೆ ಆ ಗುಂಪು ಒಂದು ಕೋರ್‌ನ ಅರ್ಧಕ್ಕಿಂತ ಹೆಚ್ಚು ಬಳಸದಂತೆ ಕಟ್ಟುಹಾಕುತ್ತದೆ, ಯಂತ್ರ ಪೂರ್ತಿ ಖಾಲಿ ಇದ್ದರೂ ಸರಿಯೇ. ಲ್ಯಾಪ್‌ಟಾಪ್ ಕಾವೇರುವುದನ್ನು ತಡೆಯಬೇಕೆಂದರೆ ಅದು ಒಳ್ಳೆಯದು. ಉಳಿದಂತೆ ತೂಕವೇ ಮೇಲು, ಅದರಲ್ಲಿ ಖಾಲಿ ಕೋರ್ ವ್ಯರ್ಥವಾಗುವುದಿಲ್ಲ.

ಹಿಂದೆ ಸರಿಸುವ ಈ ಪದ್ಧತಿ ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿ ಎಲ್ಲರ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಲಿನಕ್ಸ್ ಕರ್ನಲ್. ಅದರಲ್ಲಿ ಹಿನ್ನೆಲೆ ಕೆಲಸದ ಥ್ರೆಡ್‌ಗಳಿಗೆ ನಿಗದಿಯಾದ ಸಂಖ್ಯೆ 10, ಧ್ವನಿಯ ಥ್ರೆಡ್‌ಗಳಿಗೆ ಮೈನಸ್ 16, ಅತಿ ತುರ್ತಿನ ಧ್ವನಿಗೆ ಮೈನಸ್ 19. ಆ್ಯಪ್ ಹಿನ್ನೆಲೆಯಲ್ಲಿ ಏನೋ ಇಳಿಸಿಕೊಳ್ಳುತ್ತಿದ್ದರೂ ಹಾಡು ತುಂಡಾಗದಿರುವುದರಲ್ಲಿ ಈ ಅಂಕಿಗಳ ಪಾತ್ರ ದೊಡ್ಡದು.

ಮುಂದೆ ತರಲೇಬೇಕಾದ ಸಂದರ್ಭಗಳೂ ಇವೆ. ಜ್ಯಾಕ್‌ನಂಥ ತಂತ್ರಾಂಶ ಹಾಕಿ ಲೈವ್ ಸಂಗೀತ ಧ್ವನಿಮುದ್ರಿಸುವವರಿಗೆ ಕೆಲವೇ ಮಿಲಿಸೆಕೆಂಡು ತಪ್ಪಿದರೂ ‘ಟಕ್’ ಎಂಬ ಸದ್ದು ಮುದ್ರಣದಲ್ಲಿ ಉಳಿದುಬಿಡುತ್ತದೆ. ಅದಕ್ಕಾಗಿ ರಿಯಲ್‌ಟೈಮ್ ದರ್ಜೆಗಳಿವೆ: ಫಿಫೊ ಮತ್ತು ಆರ್‌ಆರ್, ಎರಡರಲ್ಲೂ 1ರಿಂದ 99ರವರೆಗೆ ಮೆಟ್ಟಿಲು. ಇಲ್ಲಿ ಪಾಲಿನ ಮಾತಿಲ್ಲ. ಫಿಫೊ 1ರಲ್ಲಿರುವ ಪ್ರೊಸೆಸ್ ಎದ್ದರೆ ಮೈನಸ್ 20ರದ್ದೂ ಬದಿಗೆ ಸರಿದು ನಿಲ್ಲಬೇಕು. ಸಿಎಚ್‌ಆರ್‌ಟಿ ಎಂಬ ಆದೇಶದಿಂದ ಇದನ್ನು ಕೊಡಬಹುದು. ಆದರೆ ಕೊಡುವ ಮೊದಲು ನೂರು ಸಲ ಯೋಚಿಸಬೇಕು. ಫಿಫೊದಲ್ಲಿ ಓಡುವ ಪ್ರೊಸೆಸ್ ಲೂಪ್‌ನಲ್ಲಿ ಸಿಕ್ಕಿಕೊಂಡರೆ ಆ ಕೋರ್ ಅದರ ಸ್ವತ್ತಾಗಿಬಿಡುತ್ತದೆ. ಅದಕ್ಕಾಗಿಯೇ ಲಿನಕ್ಸ್ ಬಹುಕಾಲದಿಂದ ರಿಯಲ್‌ಟೈಮ್ ಕೆಲಸಗಳಿಗೆ ಸೆಕೆಂಡಿನ 1000 ಮಿಲಿಸೆಕೆಂಡುಗಳಲ್ಲಿ 950 ಮಾತ್ರ ಕೊಟ್ಟು, ಉಳಿದವರು ಉಸಿರಾಡಲು 50 ತೆಗೆದಿಡುವ ಏರ್ಪಾಟು ಇಟ್ಟುಕೊಂಡು ಬಂದಿದೆ.

ಮೇಲಿನ ದರ್ಜೆ ಕೊಟ್ಟೂ ಕೆಲಸ ಕೆಟ್ಟದ್ದಕ್ಕೆ ದೊಡ್ಡ ಉದಾಹರಣೆ ಮಂಗಳ ಗ್ರಹದ್ದು. 1997ರ ಜುಲೈ 4ರಂದು ಇಳಿದ ನಾಸಾದ ಪಾಥ್‌ಫೈಂಡರ್ ಕೆಲವೇ ದಿನಗಳಲ್ಲಿ ತಾನಾಗಿ ಮರುಚಾಲನೆಗೊಳ್ಳತೊಡಗಿತು. ಅದರಲ್ಲಿದ್ದದ್ದು ಯುನಿಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಆದರೆ ಪಾಠ ಎಲ್ಲ ವ್ಯವಸ್ಥೆಗಳಿಗೂ ಒಂದೇ. ಮಾಹಿತಿ ಸಾಗಿಸುವ ಬಸ್ ನೋಡಿಕೊಳ್ಳುವ ಕೆಲಸಕ್ಕೆ ಮೇಲಿನ ಆದ್ಯತೆ, ಹವಾಮಾನದ ಅಂಕಿಅಂಶ ಕೂಡಿಸುವ ಕೆಲಸಕ್ಕೆ ಕೆಳಗಿನದು. ಎರಡೂ ಒಂದೇ ಬೀಗ ಹಂಚಿಕೊಂಡಿದ್ದವು. ಕೆಳಗಿನದು ಬೀಗ ಹಿಡಿದಿದ್ದಾಗ ನಡುವಿನ ಆದ್ಯತೆಯ ಸಂವಹನ ಕೆಲಸವೊಂದು ಎದ್ದು ಅದನ್ನು ತಡೆಯುತ್ತಿತ್ತು. ಬೀಗಕ್ಕಾಗಿ ಕಾಯುತ್ತಿದ್ದ ಮೇಲಿನದು ಕಾಯುತ್ತಲೇ ಉಳಿಯುತ್ತಿತ್ತು. ಅದರ ಸದ್ದಿಲ್ಲವೆಂದು ಕಾವಲು ಗಡಿಯಾರ ಇಡೀ ವ್ಯವಸ್ಥೆಯನ್ನು ಮರುಚಾಲನೆ ಮಾಡುತ್ತಿತ್ತು. ಬೀಗ ಹಿಡಿದವನಿಗೆ, ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಒಂದು ಸ್ವಿಚ್ಚನ್ನು ಎಂಜಿನಿಯರ್‌ಗಳು ಭೂಮಿಯಿಂದಲೇ ಆನ್ ಮಾಡಿದ ಮೇಲೆ ತೊಂದರೆ ನಿಂತಿತು. ಲಿನಕ್ಸ್‌ನಲ್ಲಿ ಇದೇ ಸೌಲಭ್ಯ 2006ರಿಂದ ಇದೆ, ಆದರೆ ತಂತ್ರಾಂಶ ಬರೆಯುವವರು ಅದನ್ನು ಕೇಳಿ ಪಡೆಯಬೇಕು.

ಮನೆ, ಕಚೇರಿಯ ಯಂತ್ರಗಳಲ್ಲಿ ಇಷ್ಟು ದೂರ ಹೋಗುವ ಪ್ರಮೇಯ ಬರುವುದು ಅಪರೂಪ. ಹೆಚ್ಚಾಗಿ ಬೇಕಾಗುವುದು ರಾತ್ರಿ ಓಡುವ ಬ್ಯಾಕಪ್‌ನಂಥ ಕೆಲಸಗಳನ್ನು ಒಮ್ಮೆ ಸರಿಯಾಗಿ ಕೂರಿಸುವುದು. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಬಳಸುವವರು ಅದರ ಸಾಲಿನಲ್ಲಿ ಆದೇಶದ ಮುಂದೆ ನೈಸ್ ಮತ್ತು ಐಒನೈಸ್ ಎರಡನ್ನೂ ಸೇರಿಸಿದರೆ ಆಯಿತು. ಸಿಸ್ಟಮ್‌ಡಿ ಸರ್ವಿಸ್ ಕಡತದಲ್ಲಾದರೆ ನೈಸ್ ಎಂಬ ಸಾಲಿಗೆ 19, ಐಒಷೆಡ್ಯೂಲಿಂಗ್‌ಕ್ಲಾಸ್ ಸಾಲಿಗೆ ಐಡಲ್, ಸಿಪಿಯುವೇಟ್ ಸಾಲಿಗೆ 20. ಕೆಲಸ ಓಡುತ್ತಿರುವಾಗ ಪಿಎಸ್ ಆದೇಶಕ್ಕೆ ಎನ್‌ಐ (ಇಲ್ಲಿ ಇದು ನೈಸ್ ಸಂಖ್ಯೆ) ಮತ್ತು ಸಿಎಲ್‌ಎಸ್ ಕಾಲಂಗಳನ್ನು ಕೇಳಿ ಸಂಖ್ಯೆ ನಿಜಕ್ಕೂ ಬದಲಾಗಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸಿಎಲ್‌ಎಸ್‌ನಲ್ಲಿ ಟಿಎಸ್ ಎಂದಿದ್ದರೆ ಮಾಮೂಲಿ ದರ್ಜೆ, ಎಫ್‌ಎಫ್ ಎಂದಿದ್ದರೆ ಫಿಫೊ.

ಬೆಳಿಗ್ಗೆ ಕಚೇರಿ ತೆರೆಯುವಷ್ಟರಲ್ಲಿ ಮುಗಿದಿರಲೇಬೇಕಾದ ಕೆಲಸಕ್ಕೆ ಮಾತ್ರ 19 ಬೇಡ, ಐಡಲ್ ದರ್ಜೆಯೂ ಬೇಡ. ರಾತ್ರಿಯಿಡೀ ಇನ್ನಾವುದೋ ಭಾರೀ ಕೆಲಸ ಓಡಿದರೆ ಅದಕ್ಕೆ ಸರದಿಯೇ ಸಿಗದೆ ಹೋಗಬಹುದು. 5ರ ಆಸುಪಾಸಿನ ಸಂಖ್ಯೆ, ಐಒನೈಸ್‌ನಲ್ಲಿ ಮಾಮೂಲಿ ದರ್ಜೆಯ ಕೊನೆಯ ಮೆಟ್ಟಿಲಾದ 7 ಇಟ್ಟು, ಒಂದೆರಡು ರಾತ್ರಿ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಲಾಗ್‌ನಲ್ಲಿ ನೋಡಿ, ಆಮೇಲೆ ಬೇಕಿದ್ದರೆ ಇನ್ನಷ್ಟು ಹಿಂದೆ ಸರಿಸಬಹುದು.